ಎದುರುಕಕ್ಷಿ

ವಿದ್ಯಾನಗರ ಕೋರ್ಟಿನ ಜಗಲಿ. ಇಪ್ಪತ್ತೆರಡು ವರ್ಷ
ಗಡಿಕಲ್ಲು, ಪಾಲುಪಟ್ಟಿ, ಚೆಕ್ ಬೌನ್ಸ್ ಟೈಪಿಸಿದ ಬೆರಳು
ಇಂದು ಕೀಲಿಯ ಮೇಲೆ ನಿಂತಿತು.

ಬೇಳದ ಸೆವ್ರಿನ್ ಕ್ರಾಸ್ತಾ, ನರ್ಸು,
ಮಕ್ಕಳ ವಾರ್ಡಿನ ಮಣಿಕಟ್ಟಿನ ಪಟ್ಟಿಗಳನ್ನು
ಮೇಜಿನ ಮೇಲಿಟ್ಟಳು. ಹದಿನೇಳು.
ಒಂದರಲ್ಲಿ ಹೆಸರಿಲ್ಲ, ತೂಕ ಮಾತ್ರ.

ಎದುರುಕಕ್ಷಿಯ ಹೆಸರು? ಹೇಳಿದಳು.
ತಂದೆಯ ಹೆಸರು? ಗೊತ್ತಿಲ್ಲ.
ವಿಳಾಸ? ಅರಮನೆ.
ಪಿನ್‌ಕೋಡ್ ಖಾಲಿ ಬಿಟ್ಟೆ.

"ಆಜ್ಞೆ ಕೊಟ್ಟದ್ದು ಕಣ್ಣಾರೆ ಕಂಡಿದ್ದೀರಾ?"
"ಇಲ್ಲ. ಬಿದ್ದದ್ದು ಕಂಡೆ.
ಮಾಡಿನ ಮೇಲೆ ಕೆಂಪು ಗುರುತು
ನಾವೇ ಬಳಿದಿದ್ದೆವು, ಮೇಲಿನವರಿಗೆ ಕಾಣಲಿ ಎಂದು."

ವಾರಂಟು ಹೊರಟಿದೆಯಂತೆ. ಅವನ ವಿಮಾನ ಈಗ
ಕೆಲವು ದೇಶಗಳನ್ನು ಸುತ್ತುಬಳಸಿ ಹೋಗುತ್ತದಂತೆ.
ಅಷ್ಟಾದರೂ ಸುತ್ತಲಿ.

ಕಾಗದದ ಪದ್ಧತಿಯಂತೆ
ತೂಕವನ್ನು ಅಂಕೆಯಲ್ಲೂ ಅಕ್ಷರದಲ್ಲೂ ಬರೆದೆ:
ಎರಡು ಕಿಲೋ ನೂರು ಗ್ರಾಂ.