ಡ್ರಾಫ್ಟ್ ಹನ್ನೊಂದು

ಶೆಪರ್ಟನ್ನಿನಲ್ಲಿ ಪೇರ್ ಹಣ್ಣಿನ ಸುಗ್ಗಿ.
ಕಾರ್ಖಾನೆಯ ರಾತ್ರಿ ಪಾಳಿಗೆ ಮುಂಚಿನ ಒಂದು ತಾಸು
ನನ್ನ ಕ್ಲಾಸು.
ಪರದೆಯ ಮೇಲೆ ಒಂಬತ್ತು ಚೌಕ:
ಆರರಲ್ಲಿ ಮುಖ, ಎರಡರಲ್ಲಿ ಬರೀ ಹೆಸರು,
ಒಂದರಲ್ಲಿ ತಿರುಗುವ ಸೀಲಿಂಗ್ ಫ್ಯಾನು.

ಬಾಹಾತಿ ಬಸ್‌ಸ್ಟಾಪಿನಲ್ಲಿ ನಿಂತು
ಒಂದೇ ಹೆಬ್ಬೆರಳಲ್ಲಿ ಪ್ರಬಂಧ ಬರೆಯುತ್ತಾನೆ.
ಅಬು ಜವಾದ್ ಕಾಗದದಲ್ಲಿ ಬರೆದು ಫೋಟೋ ಹಾಕುತ್ತಾರೆ,
ಪ್ರತಿ ವಾರವೂ ಅಡ್ಡಡ್ಡ;
ಕತ್ತು ವಾಲಿಸಿ ಓದಿ ಓದಿ
ಎಡ ಭುಜಕ್ಕೆ ಬಾಮು ಹಚ್ಚಿಕೊಳ್ಳುತ್ತೇನೆ.
ನಕಲು ಹಿಡಿಯುವ ಯಂತ್ರವೊಂದಿದೆ, ಕಾಲೇಜು ಕೊಟ್ಟದ್ದು.
ಹೋದ ವಾರ ಅದು ಎಲ್ಲರನ್ನೂ ಕಳ್ಳರೆಂದಿತು:
'ಮೈ ನೇಮ್ ಈಸ್' ಅಂತ ಇವರಿಗಿಂತ ಮೊದಲೇ
ಯಾರೋ ಬರೆದುಬಿಟ್ಟಿದ್ದಾರಂತೆ.

'ದಿ' ಹಾಕಲು ಮರೆಯುತ್ತಾರೆ. ನಾನು ಗದರುವುದಿಲ್ಲ.
ನಮ್ಮ ಕೊಪ್ಪಳದ ಕಡೆಯೂ ಅದಿರಲಿಲ್ಲ.
ಐದನೇ ಇಯತ್ತೆಯಲ್ಲಿ ಗುರುಬಸಮ್ಮ ಟೀಚರು
ಮುಷ್ಟಿ ತುಂಬ 'ದಿ' ಕೊಟ್ಟು
ಸಾಸಿವೆ ಹಾಕಿದಂಗ ಹಾಕು ಅಂದಿದ್ದರು;
ಇವತ್ತಿಗೂ ನನ್ನವು ಒಂದೆರಡು
ಸಿಡಿದು ಒಲೆಯಾಚೆ ಬೀಳುತ್ತವೆ.

ಈ ವಾರದ್ದು: ಮನೆಯವರೊಬ್ಬರ ಬಗ್ಗೆ ನೂರೈವತ್ತು ಪದ.
ವರ್ತಮಾನ ಕಾಲದಲ್ಲಿ.
ಭಾನುವಾರ ರಾತ್ರಿ ಹನ್ನೊಂದು ಐವತ್ತೊಂಬತ್ತರೊಳಗೆ.
ಅಂಕಕ್ಕೆ ಐದು ಮನೆ ಕೊರೆದಿಟ್ಟಿದ್ದೇನೆ,
ಕೊನೆಯದು: ಕಾಲ ಕಲಬೆರಕೆಯಾಗಬಾರದು.

ಮಾಸೂಮಾಳದು ತಡವಾಗಿ ಬಂತು.
ತಮ್ಮ ಖಾದಿಮ್. ಮುಂದಿನ ಹಲ್ಲುಗಳ ನಡುವೆ ಸಂದಿ.
ಚಹಾಕ್ಕೆ ಉಪ್ಪು. ಬಿಚ್ಚಿದ ಎಂಜಿನ್ನಿನ ನಟ್ಟುಗಳನ್ನೆಲ್ಲ
ತಾಯಿಯ ಹಿಟ್ಟಿನ ಜರಡಿಯಲ್ಲಿ ಇಡುವ ರೂಢಿ.
ನಾಲ್ಕನೇ ಸಾಲು:
'ಮೈ ಬ್ರದರ್ ಗುಡ್ ಮೆಕ್ಯಾನಿಕ್.'
ಸಿದ್ಧ ಟಿಪ್ಪಣಿಗಳ ಡಬ್ಬಿಯಿಂದ ಒಂದನ್ನೆತ್ತಿ ಅಂಟಿಸಿದೆ:
ಕ್ರಿಯಾಪದ ಎಲ್ಲಿ? ಜೊತೆಗೊಂದು ನಗುಮುಖ.

ಆಮೇಲೆ ಯಾಕೋ
ಹಳೆಯ ಪ್ರತಿಗಳ ಗುಂಡಿ ಒತ್ತಿದೆ.
ಒತ್ತಬಾರದಿತ್ತೇನೋ. ಅಳಿಸಿದ್ದನ್ನು ಓದುವುದೆಂದರೆ
ಒಗೆಯಲು ಹಾಕಿದ ಅಂಗಿಯ ಜೇಬು ತಡಕಿದ ಹಾಗೆ.
ರಾತ್ರಿ ಎರಡು ಹನ್ನೊಂದು: ಈಸ್.
ಎರಡು ಹದಿನಾಲ್ಕು: ವಾಸ್.
ಎರಡು ಹದಿನೈದು: ಈಸ್.
ಎರಡು ಇಪ್ಪತ್ತೆರಡು: ವಾಸ್, ಅದರಡಿ ನೀಲಿ ಗೆರೆ,
ಯಂತ್ರದ ಸಲಹೆ: ಕಾಲ ಹೊಂದುತ್ತಿಲ್ಲ.
ಚಹಾದ ಬಿಡುವು ಹದಿನೈದು ನಿಮಿಷ.
ಮೂರು ರಾತ್ರಿ, ಹತ್ತು ಡ್ರಾಫ್ಟು.
ಹನ್ನೊಂದನೆಯದರಲ್ಲಿ ಎರಡನ್ನೂ ಕಿತ್ತು
ಹಾಗೇ ಕಳಿಸಿದ್ದಾಳೆ.

ಜನವರಿಯಲ್ಲೊಮ್ಮೆ ಚಾಟ್‌ನಲ್ಲಿ ಬರೆದಿದ್ದಳು:
'ಬ್ರದರ್ ಫೋನ್ ನಾಟ್ ವರ್ಕಿಂಗ್ ಟೂ ಇಯರ್.'
ನಾನು ಕೊನೆಗೊಂದು 'ಎಸ್' ಸೇರಿಸಿ
ತಿರುಗಿ ಕಳಿಸಿದ್ದೆ.

ಇದ್ದಾನೆ.
ನನ್ನ ಭಾಷೆಯಲ್ಲಿ ಆ ಪದದೊಳಗೆ
ಒಂದು ಆನೆ ನಿಂತಿದೆ.
ಅದು ಎದ್ದು ಹೋದರೆ ಉಳಿಯುವುದು
ಇದ್ದ.
ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಿದ್ದರು;
ಎತ್ತ ಹೋಯಿತೋ ತಿಳಿಯದ್ದಕ್ಕೆ ಎಷ್ಟೆಂದು
ಯಾರೂ ಹೇಳಿಕೊಟ್ಟಿಲ್ಲ.

ನನ್ನ ತಮ್ಮ ಒಳ್ಳೆ ಮೆಕ್ಯಾನಿಕ್.
ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ.
ಏನೂ ಕೊರೆಯಿಲ್ಲ. ಕ್ರಿಯಾಪದವನ್ನು
ಕೇಳುವುದೇ ಇಲ್ಲ ಕನ್ನಡ.

ಟಿಪ್ಪಣಿ ಅಳಿಸಿದೆ,
ಅಳಿಸಿದ್ದೂ ಎಲ್ಲೋ ದಾಖಲಾಗಿರುತ್ತದೆ.
ಜರಡಿಯಲ್ಲಿಟ್ಟ ನಟ್ಟುಗಳ ಸಾಲಿನ ಪಕ್ಕ
ಇದು ಚೆನ್ನಾಗಿದೆ, ಇನ್ನೂ ಬರೆಯಿರಿ ಎಂದೆ.
ನಾಲ್ಕು ಮನೆಗೆ ಅಂಕ ತುಂಬಿದೆ.
ಐದನೆಯದು ತುಂಬದೆ ಮುಂದೆ ಬಿಡುವುದಿಲ್ಲ ಯಂತ್ರ.
ಅವಳ ಹೆಸರಿನೆದುರು ಹಳದಿ ಚುಕ್ಕೆ: ಬಾಕಿ.

ಹೊರಗೆ ಕಾರ್ಖಾನೆಯ ಸೈರನ್ನು, ಪಾಳಿ ಬದಲು.
ಇರಲಿ.