ಹಿಂದಿನ ಸೀಟು

ಕೋಡಿಬಾಗದಲ್ಲಿ, ಕಾಳಿ ಸೇತುವೆಯ ಬುಡಕ್ಕೆ ನನ್ನ ಅಂಗಡಿ.
ಬೋರ್ಡಿಲ್ಲ. ದೋಣಿ ಇಂಜಿನ್ನುಗಳ ಹೊಟ್ಟೆ ಬಿಚ್ಚಿ
ಉಪ್ಪು ಕೆರೆಯುವುದು ಕೆಲಸ.
ಊರವರಿಗೆ ನಾನು ಇಮಾನದ ಪುರಸು.

ಹದಿನೈದು ವರ್ಷ ದುಂಡಿಗಲ್ಲಿನಲ್ಲಿ
ಎರಡೇ ಸೀಟಿನ ವಿಮಾನಗಳ ಕೆಳಗೆ ಬಗ್ಗಿದವನು.
ಮುಂದೆ ಕಲಿಯುವವ, ಹಿಂದೆ ಕಲಿಸುವವ,
ಮೂತಿಗೊಂದು ಪಂಖ.
ಹೊಟ್ಟೆಯಲ್ಲಿ ಜೆಟ್ಟಿನದೇ ಬೆಂಕಿ,
ಅದಕ್ಕೆ ಸಿಕ್ಕಿದ್ದು ಮಾತ್ರ ಪಂಖ ತಿರುಗಿಸುವ ಕೂಲಿ.

ನಸುಕಿನಲ್ಲಿ ಹುಡುಗರು ಹ್ಯಾಂಗರಿನ ಹಿಂದೆ
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು
ಇಲ್ಲದ ಕೋಲು ಹಿಡಿದು, ಇಲ್ಲದ ಗುಂಡಿ ಒತ್ತಿ,
ವೇಗ, ಎತ್ತರ, ಎಣ್ಣೆ ಎಂದು ಗೊಣಗುವರು.
ಮೊದಮೊದಲು ನನಗೆ ನಗು.
ಆಮೇಲೆ ಬಳಸಿಕೊಂಡು ನಡೆದೆ,
ಜಪಕ್ಕೆ ಕೂತವರನ್ನು ದಾಟಬಾರದಲ್ಲ.

ಇಳಿದ ಮೇಲೆ ಕೋಲಿನ ಹಿಡಿ ಒರೆಸಬೇಕು.
ಮುಂದಿನದು ಒದ್ದೆ. ಯಾವಾಗಲೂ.
ಹಿಂದಿನದೂ ಒದ್ದೆ ಎಂದು
ಯಾವ ಹುಡುಗನಿಗೂ ನಾನು ಹೇಳಲಿಲ್ಲ.

ಒಬ್ಬನೇ ಹಾರುವ ದಿನ ಬರುತ್ತದೆ.
ಗುರು ಇಳಿದು, ಹೆಲ್ಮೆಟ್ಟು ಕಂಕುಳಲ್ಲಿ ಇರುಕಿ
ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಾನೆ.
ಆಗ ನನ್ನ ಪಾಳಿ:
ಖಾಲಿ ಸೀಟಿಗೆ ಬೆಲ್ಟು ಕಟ್ಟುವುದು.
ಭುಜದ್ದೆರಡು, ಸೊಂಟದ್ದೆರಡು, ತೊಡೆಸಂದಿನದೊಂದು.
ಸಡಿಲ ಬಿಟ್ಟರೆ, ಗಾಳಿ ಎತ್ತಿ ಹಾಕಿದಾಗ
ಬೆಲ್ಟು ತೇಲಿ ಕೋಲಿಗೆ ಸುತ್ತೀತು,
ಇಲ್ಲದ ಮನುಷ್ಯನೇ ವಿಮಾನ ತಿರುಗಿಸಿಯಾನು.
ಜಗ್ಗಿ ಬಿಗಿದು ಎರಡು ಸಲ ಗುದ್ದಿ ನೋಡುವೆ.
ಖಾಲಿ ಭದ್ರವಿದೆ ಎಂದು ಸಹಿ ಹಾಕಲು
ಪುಸ್ತಕದಲ್ಲಿ ಒಂದು ಕಾಲಮ್ಮೇ ಇತ್ತು.

ನಿನ್ನೆ ಮಧ್ಯಾಹ್ನ ದೇವಗಡದ ದೀಪದಾಚೆ ಅದೇ ದನಿ.
ಎಲ್ಲರೂ ಕತ್ತೆತ್ತಿದರು, ನಾನು ಎತ್ತಲಿಲ್ಲ.
ಪಂಖದ ಎಲೆ ಕೋನ ಬದಲಿಸಿದ್ದು, ಸ್ವಲ್ಪ ತಡವಾಗಿ ಬದಲಿಸಿದ್ದು
ಕಿವಿಗೇ ತಿಳಿಯಿತು.
‘ಯುದ್ಧವೇನೋ?’ ಎಂದಳು ಖುಬೆ ಮಾರುವ ಶೇವಂತಿ.
‘ಅಲ್ಲ ಮಾರಾಯ್ತಿ, ಶಾಲೆ.’

ತಂಗಿಯ ಮಗಳು ಸಮೀಕ್ಷಾ ದೋಣಿ ಕಲಿಯುತ್ತಿದ್ದಾಳೆ, ತಿಂಗಳಾಯಿತು.
ದೋಣಿಯಲ್ಲಿ ಲೆಕ್ಕ ತಿರುಗುಮುರುಗು:
ಇಂಜಿನ್ನು ಹಿಡಿದವಳು ಹಿಂದೆ,
ಕಲಿಸುವ ಮುದುಕ ಮುಂದೆ, ಅವಳಿಗೆ ಬೆನ್ನು ಹಾಕಿ.
ಅವಳ ಕೈ ನನಗೆ ಕಾಣುವುದಿಲ್ಲ. ನನ್ನದು ಅಂಚಿನ ಹಲಗೆ ಮೇಲೆ,
ಒದ್ದೆ. ಅಲೆಯ ನೀರು ಅಂದುಕೊಂಡೆ.

ಇವತ್ತು ಅಳಿವೆ ದಾಟಲು ಅವಳೊಬ್ಬಳೇ.
ನನ್ನ ತೂಕವಿಲ್ಲದೆ ಮೂತಿ ಎದ್ದೀತೆಂದು
ಎರಡು ಚೀಲ ಮರಳು ತುಂಬಿ
ನಾನು ಕೂರುವಲ್ಲಿಟ್ಟು ಹಗ್ಗ ಬಿಗಿದೆ.
ಎರಡು ಸಲ ಗುದ್ದಿ ನೋಡಿದೆ.
‘ಇದ್ಯಾರು ಮಾಮಾ?’ ನಕ್ಕಳು.
‘ನಾನೇ ಅಂತ ತಿಳ್ಕೋ. ಬಾಯಿ ಮಾಡೋದಿಲ್ಲ, ಅಷ್ಟೇ.’

ಎರಡನೇ ಎಳೆತಕ್ಕೆ ಇಂಜಿನ್ನು ಹಿಡಿಯಿತು.
ನಾನು ಸೇತುವೆ ಕಡೆ ಮುಖ ಮಾಡಿ ಲಾರಿ ಎಣಿಸಿದೆ.
ಹನ್ನೊಂದಾದವು.