ಬನಿಯನ್ ಬಟ್ಟೆಗೆ ಅಂಚು

ತಿರುಪ್ಪೂರಿನಲ್ಲಿ ನಾಲ್ಕು ವರ್ಷ
ನಾನು ತೋಳಿನ ಅಂಚು ಮಾತ್ರ ಹೊಲಿದೆ.
ಕೊರಳು ಪಕ್ಕದ ಬೆಂಚಿನ ಶೆಲ್ವಿಯದು,
ಕೆಳಗಿನ ಮಡಿಕೆ ಯಾರದೋ.
ಇಡೀ ಅಂಗಿ ಹೇಗಿರುತ್ತದೆಂದು ಕಂಡದ್ದು
ಬಸ್ ಸ್ಟ್ಯಾಂಡಿನಲ್ಲಿ, ಪರರ ಮೈಮೇಲೆ.

ಈಗ ತಾಳವಾಡಿಗೆ ಇಡೀ ಅಂಗಿಗಳೇ ಬರುತ್ತವೆ,
ಮೂಟೆಯಲ್ಲಿ, ಕಿಲೋ ಲೆಕ್ಕ,
ಕಂಪನಿಯವರು ಬೇಡವೆಂದ ಮಾಲು.
ಯಾವ ದೇಶದ ಉದ್ದ ಗಂಡಸರಿಗೆ ಕತ್ತರಿಸಿದ್ದೋ,
ನಮ್ಮ ಜಡೆಯನಿಗೆ ಮೊಣಕಾಲು ಮುಟ್ಟುತ್ತದೆ.
"ಅಕ್ಕಾ, ವಸಿ ಮಡಚಿ ಹೊಲ್ಕೊಡು."

ಅಲ್ಲಿ ಒಂದೊಂದು ಮಿಷನ್ನಿಗೆ ಐದು ನೂಲು.
ಇಲ್ಲಿ ಎರಡೇ: ಮೇಲೊಂದು, ಬಾಬಿನ್ನಿನಲ್ಲೊಂದು.
ಗುಂಡಿ ಮುರಿದ ಮನೆಮಿಷನ್ನು;
ಹೊಲಿಗೆ ಬದಲಿಸಲು ಇಕ್ಕಳ ಬೇಕು.

ಮೊದಲ ಅಂಗಿಗೆ ನೇರ ಹೊಲಿಗೆ ಹಾಕಿದೆ.
ಚೆಂದವಿತ್ತು, ಅಡಿಕೋಲಿಟ್ಟು ಎಳೆದ ಹಾಗೆ.
ಜಡೆಯ ತಲೆ ತೂರಿಸಿ ಕೆಳಗೆ ಜಗ್ಗಿದ್ದೇ
ಪಟ್ ಪಟ್ ಪಟ್,
ಬಾಣಲೆಯಲ್ಲಿ ಹುರುಳಿ ಸಿಡಿದಂತೆ.
ಬಟ್ಟೆ ಹಿಗ್ಗಿತು, ನೂಲು ಹಿಗ್ಗಲಿಲ್ಲ.
"ದುಡ್ಡು ವಾಪಸ್ ಬ್ಯಾಡ ಕನಕ್ಕ" ಅಂದ.
ಅದೇ ಹೆಚ್ಚು ಚುಚ್ಚಿತು.

ಎರಡನೆಯದು ಅಲೆ ಅಲೆ, ಕರಿದ ಹಪ್ಪಳದ ಅಂಚು.
ಹಿಂದಿನಿಂದ ನಾನೇ ಎಳೆದಿದ್ದೆ,
ಬೇಗ ಮುಗಿಯಲೆಂದು.
ಮೂರನೆಯದನ್ನು ಮಿಷನ್ನಿನ ಹಲ್ಲೇ ನುಂಗಿತು.

ಸತ್ಯಮಂಗಲಕ್ಕೆ ಹೋಗಿ ದುಂಡುಮೊನೆಯ ಸೂಜಿ ತಂದೆ.
ಚೂಪಿನದು ಹೆಣಿಗೆಯ ಕಣ್ಣು ಹರಿಯುತ್ತದೆ,
ಇದು ದಾರಿ ಕೇಳಿಕೊಂಡು ಹೋಗುತ್ತದೆ,
ಅಂದ ಅಂಗಡಿಯವನು, ತಮಿಳಿನಲ್ಲಿ.
ವಾಪಸ್ಸು ದಿಂಬಂ ಘಾಟಿ,
ಇಪ್ಪತ್ತೇಳು ತಿರುವು.
ಏದುಸಿರಿನ ಬಸ್ಸು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.
ಒಂಬತ್ತರಲ್ಲಿ ಕಬ್ಬಿನ ಲಾರಿ ಸಿಕ್ಕಿಕೊಂಡು
ಒಂದು ಗಂಟೆ ನಿಂತೆವು.
ಕಿಟಕಿಯಿಂದ ಬಗ್ಗಿ ನೋಡಿದೆ:
ಹತ್ತಿ ಬಂದ ದಾರಿ ಬೆಟ್ಟದ ಅಂಚಿಗೆ
ಹೊಲಿದಿಟ್ಟ ಹಾಗೆ.
ಪಕ್ಕದ ಸೀಟಿನವಳಿಗೆ ವಾಂತಿ.
ನನಗೆ ನಗು ತಡೆಯಲಾಗಲಿಲ್ಲ,
ಪಾಪ, ಅವಳು ಏನಂದುಕೊಂಡಳೋ.

ಆ ರಾತ್ರಿಯೇ ಇಕ್ಕಳದಲ್ಲಿ ಗುಂಡಿ ತಿರುಗಿಸಿದೆ.
ಅಂಕುಡೊಂಕು, ಸಣ್ಣದು, ಅಕ್ಕಿಕಾಳಿನ ಅಗಲಕ್ಕಿಂತ ಕಡಿಮೆ.
ಬಟ್ಟೆಯ ಕೆಳಗೆ ಪೇಪರಿನ ಪಟ್ಟಿ,
ಹಲ್ಲಿಗೆ ಸಿಗದಿರಲೆಂದು.
ಕೈ ದಾರಿ ತೋರಿಸಿತು, ಎಳೆಯಲಿಲ್ಲ.
ಕಾಗದ ಹರಿದು ತೆಗೆದು
ಒದ್ದೆಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ.
ಜಗ್ಗಿದೆ. ಇನ್ನೂ ಜಗ್ಗಿದೆ.
ನೂಲು ಜೊತೆಗೇ ಬಂತು.

ಹೊಲಿಗೆಯ ಸಂದಿಯಲ್ಲಿ ಮಾತ್ರ
ಕಾಗದದ ಚೂರು ಉಳಿಯುತ್ತವೆ.
ಒಂದು ದಿನ ತಮಿಳು ಪೇಪರು, ಒಂದು ದಿನ ಕನ್ನಡದ್ದು,
ಬೋಂಡದಂಗಡಿಯಲ್ಲಿ ಸಿಕ್ಕಿದ್ದು.
ಚಿಮಟದಲ್ಲಿ ಕೀಳುತ್ತೇನೆ, ಎಲ್ಲ ಬರುವುದಿಲ್ಲ.
ಜಡೆಯನ ಸೊಂಟದ ಸುತ್ತ ಒಂಟಿ ಕೊಂಬು,
ಅರ್ಧ ಳ, ಯಾವ ಲಿಪಿಯದೋ ಸುಳಿ.
"ಎರಡು ಒಗೆತಕ್ಕೆ ಹೋಗ್ತದೆ ಬುಡು" ಅಂದೆ.
ಅವನು ಅಂಚು ತಿರುವಿ ದೀಪಕ್ಕೆ ಹಿಡಿದು
ಬಹಳ ಹೊತ್ತು ನೋಡಿದ.
"ಏನಂತ ಬರ್ದದಕ್ಕ?"